ಗಿಳಿ ಓಡಿಸುವ ಪದಗಳು

"ಓಯ್! ಓಯ್!"

ಅಟ್ಟಣೆಯ ಮೇಲೆ ನಿಂತು ಜವರಿ ತಗಡಿನ ಡಬ್ಬ ಬಡಿದಳು. ಜೋಳದ ತೆನೆಗಳಿಂದ ಗಿಳಿಗಳ ಹಿಂಡು ಎದ್ದು, ಒಂದು ಸುತ್ತು ಹಾಕಿ, ಹೊಲದ ಇನ್ನೊಂದು ಮೂಲೆಯಲ್ಲಿ ಇಳಿಯಿತು.

ಕೆಳಗೆ ಕೂತಿದ್ದ ತಮ್ಮ ಗುಂಡ ಕಿಸಕ್ಕನೆ ನಕ್ಕ. "ಅಕ್ಕೋ, ನಾಳಿಂದ ನಮ್ ಕ್ಲಾಸ್ಗೇ ಬತ್ತೀಯಂತೆ? ನನ್ ಪಕ್ಕ ಜಾಗ ಮಡಗಿವ್ನಿ."

"ಸುಮ್ಕೆ ಓಗ್ಲಾ!"

ಗುಂಡ ನಾಲ್ಕನೇ ಕ್ಲಾಸು, ಜವರಿ ಐದನೆಯದು. ನಾಳೆ ಸೋಮವಾರ, ಮಹದೇವಯ್ಯ ಮೇಷ್ಟ್ರು ಇಂಗ್ಲಿಷ್ ಪದ ಕೇಳುತ್ತಾರೆ. ಐದೂ ಪದ ಎಫ್, ಎಲ್ ಅಕ್ಷರಗಳಿಂದಲೇ ಶುರುವಾಗುವಂಥವು. ಅರ್ಥ ಹೇಳದವರು ವಾರವಿಡೀ ನಾಲ್ಕನೇ ಕ್ಲಾಸಿನಲ್ಲಿ ಕೂರಬೇಕು.

ಮೇಷ್ಟ್ರು ಅವನ್ನು ಬೋರ್ಡಿನ ಮೇಲೆ ಬರೆದ ದಿನ ಜವರಿ ಇಲ್ಲೇ ಗಿಳಿ ಓಡಿಸುತ್ತಿದ್ದಳು. ತನ್ನದೇ ಕ್ಲಾಸಿನ, ಪಕ್ಕದ ಹೊಲದ ಕಾಳಿಯನ್ನು ಕೇಳಬಹುದಿತ್ತು. ಆದರೆ ನೆಲ್ಲಿಕಾಯಿ ಹಂಚಿಕೊಳ್ಳುವಾಗ ಜಗಳವಾಗಿ ಇಬ್ಬರೂ ಟೂ ಬಿಟ್ಟಿದ್ದರು. "ಇನ್ ಮ್ಯಾಕೆ ನಿನ್ ಎಸ್ರೂ ಎತ್ತಲ್ಲ ಕಣೇ" ಎಂದವಳು ಜವರಿಯೇ. ಆಮೇಲೆ ಅವಳು ಆ ಹೊಲದ ಕಡೆ ತಲೆ ಹಾಕಿರಲಿಲ್ಲ.

ಅಷ್ಟರಲ್ಲಿ ಬಿದಿರು ಮೆಳೆಯಾಚೆಯಿಂದ ಕಾಳಿಯ ದನಿ ಕೇಳಿತು.

"ಫ್ಲವರ್! ಹೂವಾ! ಓಯ್!"

ಜವರಿಗೆ ಮೈಯೆಲ್ಲ ಉರಿಯಿತು. "ನೋಡ್ಲಾ, ಗಿಣಿ ಓಡ್ಸಕ್ಕೂ ಇಂಗ್ಲಿಷೇ ಬೇಕು ಇವ್ಳಿಗೆ. ಏನ್ ಜಂಬ!"

"ಫ್ಲೂಟ್! ಕೊಳಲೂ!" ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "ಫ್ಲೂಟ್! ಕೊಳಲೂ!"

"ಫ್ಲ್ಯಾಗ್! ಬಾವುಟಾ!" ಅದೂ ಎರಡು ಸಲ.

ಬೇಡವೆಂದುಕೊಂಡರೂ ಜವರಿಯ ತುಟಿ ತಾನಾಗಿ ಅದನ್ನೇ ಗುಣುಗುಟ್ಟಿತು.

"ಫ್ಲೈ! ಹಾರೂ!" ಆಚೆಯಿಂದ ಕಾಳಿ ಇನ್ನೂ ಜೋರಾಗಿ ಕೂಗಿದಳು.

ಗಿಳಿಗಳು ಬುರ್ರನೆ ಎದ್ದು ಕಾಡಿನ ಕಡೆ ಹಾರಿಯೇಬಿಟ್ಟವು.

"ಅಕ್ಕಾ, ಗಿಣಿಗೂ ಇಂಗ್ಲಿಷ್ ಬತ್ತದೆ ಕಣಕ್ಕಾ!" ಗುಂಡ ಕುಣಿದ. ಜವರಿಗೂ ನಗು ತಡೆಯಲಾಗಲಿಲ್ಲ.

ಗಿಳಿ ಹೋಗಿಯಾಯಿತು. ಆದರೂ ಕಾಳಿ ಕೂಗುತ್ತಲೇ ಇದ್ದಳು. ಯಾಕೆ? ಜವರಿ ಮೆಲ್ಲಗೆ ಇಳಿದು ಹೋಗಿ ಬಿದಿರಿನ ಸಂದಿಯಿಂದ ಇಣುಕಿದಳು.

ಕಾಳಿಯ ಹೊಲದಲ್ಲಿ ಜೋಳವೇ ಇರಲಿಲ್ಲ. ಕೊಯ್ಲು ಮುಗಿದು ಬರೀ ಕೂಳೆ ಉಳಿದಿತ್ತು. ಅದರ ನಡುವೆ ಒಂದು ಕಲ್ಲಿನ ಮೇಲೆ, ಉರಿಬಿಸಿಲಿನಲ್ಲಿ, ಸ್ಲೇಟು ಹಿಡಿದು ಕಾಳಿ ಒಬ್ಬಳೇ ನಿಂತಿದ್ದಳು. ಮುಖ ಜವರಿಯ ಅಟ್ಟಣೆಯ ಕಡೆಗಿತ್ತು.

"ಫ್ಲೋರ್! ನೆಲಾ!" ಎಂದಳು. ಕೂಗಿ ಕೂಗಿ ಗಂಟಲು ಕಟ್ಟಿತ್ತು.

ಜವರಿ ಸದ್ದಾಗದಂತೆ ಹಿಂದೆ ಸರಿದಳು. ಓಡಿ ಬಂದು ಅಟ್ಟಣೆ ಹತ್ತಿದಳು. ಒಂದು ಗಿಳಿಯೂ ಇಲ್ಲದ ಹೊಲದ ಮೇಲೆ ಜೋರಾಗಿ ಕೂಗಿದಳು.

"ಫ್ಲೋರ್! ನೆಲಾ!"

ಬಿದಿರು ಮೆಳೆಯಾಚೆಯಿಂದ ಮೆತ್ತಗೆ ಒಂದು ದನಿ ಬಂತು.

"ಫ್ಲವರ್?"

ಈ ಸಲ ಅರ್ಥ ಬರಲಿಲ್ಲ. ಕಾಳಿ ಕಾಯುತ್ತಿದ್ದಳು.

"ಹೂವಾ ಕಣೇ, ಕಾಳೀ!"