ಸ್ಟಾರ್ಟರು ಹಾಕಿದ ಜೋಡಿ

"ಹೋತಲ್ಲೋ... ಹೋತು!"

ಭಾವನಾಳ ಗಾಲ್ಫ್ ಚೆಂಡು ಸೀದಾ ನೀರಿಗೆ ಬಿತ್ತು. ಅಷ್ಟು ಹೊತ್ತು ಪಕ್ಕದಲ್ಲಿ ನಡೆಯುತ್ತ ಬರೀ ಇಂಗ್ಲಿಷಿನಲ್ಲಿ "ನೈಸ್ ಶಾಟ್" ಎನ್ನುತ್ತಿದ್ದ ಅಪರಿಚಿತ ತಟ್ಟನೆ ತಿರುಗಿದ.

"ನಮ್ಮ ಕಡೀಯವರೇನ್ರಿ ನೀವು?"

ಅವಳೂ ತಿರುಗಿದಳು. "ಬಾಗಲಕೋಟಿ. ನೀವು?"

"ಕಲಬುರ್ಗಿ. ಶಿವಶರಣ ಅಂತ." ಅವನು ನಕ್ಕ. "ಚೆಂಡು ಹೋದರ ಹೋಗ್ಲಿ ಬಿಡ್ರಿ. ಮಾತಾಡಾಕ ಮಂದಿ ಸಿಕ್ರು."

ಓಕ್ಲ್ಯಾಂಡ್ ಪಕ್ಕದ, ಕಡಲ ಕೊಲ್ಲಿಯಂಚಿನ ಈ ಸಾರ್ವಜನಿಕ ಗಾಲ್ಫ್ ಮೈದಾನ ಹಿಂದೊಮ್ಮೆ ಸೇನೆಯ ವಾಯುನೆಲೆ. ಯುದ್ಧವಿಮಾನಗಳು ಏರುತ್ತಿದ್ದ ರನ್‌ವೇ ಮೇಲೆ ಈಗ ಹುಲ್ಲು, ಹುಲ್ಲಿನ ಮೇಲೆ ಬಾತುಗಳು. ಮರವೆಂಬುದಿಲ್ಲ. ಒಬ್ಬರೇ ನಿಂತರೆ ಎಲ್ಲಿಂದಲೂ ಕಾಣುತ್ತಾರೆ. ಆದರೆ ಇಲ್ಲೊಂದು ಪದ್ಧತಿಯುಂಟು. ಒಂಟಿಯಾಗಿ ಬಂದವರನ್ನು, ಆಟ ಶುರು ಮಾಡಿಸುವ ಸ್ಟಾರ್ಟರು ಇನ್ನೊಬ್ಬರ ಜೊತೆ ಸೇರಿಸಿ ಕಳಿಸುತ್ತಾನೆ.

ಭಾವನಾ ಬರುತ್ತಿದ್ದದ್ದೇ ಅದಕ್ಕೆ. ಗಾಲ್ಫ್ ಅವಳಿಗೆ ಅಷ್ಟಕ್ಕಷ್ಟೇ. ಡಿವೋರ್ಸ್ ಆದಮೇಲೆ, ಶುಕ್ರವಾರ ಸಂಜೆ ಫಾಸ್ಟರ್ ಸಿಟಿಯ ಅಪಾರ್ಟ್‌ಮೆಂಟಿನ ಬಾಗಿಲು ಹಾಕಿದರೆ ಸೋಮವಾರದ ಮೀಟಿಂಗಿನವರೆಗೆ ಅವಳ ದನಿ ಅವಳಿಗೇ ಕೇಳುತ್ತಿರಲಿಲ್ಲ. ಇಲ್ಲಾದರೆ ಯಾರೋ ಒಬ್ಬರು ಪಕ್ಕದಲ್ಲಿ ನಡೆಯುತ್ತಾರೆ, ಹೆಸರು ಕೇಳುತ್ತಾರೆ.

ಆಮೇಲಿನ ಭಾನುವಾರಗಳಲ್ಲಿ ಆ ಯಾರೋ ಒಬ್ಬರು ಶಿವಶರಣನೇ ಆದ. ಥರ್ಮಾಸಿನಲ್ಲಿ ಚಹಾ ತರುತ್ತಿದ್ದ. ಕೊಲ್ಲಿಯ ಗಾಳಿ ಬೀಸಿದರೆ ತಾನು ಗಾಳಿಯ ಕಡೆ ನಿಲ್ಲುತ್ತಿದ್ದ. ಪ್ರೀತಿ ಎಂದು ಇಬ್ಬರೂ ಬಾಯಿ ಬಿಡಲಿಲ್ಲ. ಬಿಡುವ ಮೊದಲೇ ಎಡವಟ್ಟಾಯಿತು.

ಒಂದು ಬೆಳಿಗ್ಗೆ ಹತ್ತಿರದ ವಾಲ್ನಟ್ ಕ್ರೀಕ್ ಊರಿನ ಗುರುಶಾಂತಪ್ಪ ಕಾಕಾ ಅಲ್ಲಿ ಎದುರಾದರು. ಅಪ್ಪನ ಸ್ನೇಹಿತರು. ಅವರ ಕಿವಿಗೆ ಬಿದ್ದ ಸುದ್ದಿ ಬಾಗಲಕೋಟೆ ಮುಟ್ಟಲು ತಡವಾಗುವುದಿಲ್ಲ.

"ಇವರು ಯಾರವ್ವಾ?"

ಡಿವೋರ್ಸ್ ಆದಾಗ ಜನ ಆಡಿದ್ದೆಲ್ಲ ಭಾವನಾಳಿಗೆ ನೆನಪಾಯಿತು. 'ಮತ್ತೆ ಅದೆಲ್ಲ ಬೇಡ...'

"ಯಾರೋ ಗೊತ್ತಿಲ್ಲ ಕಾಕಾ. ಸ್ಟಾರ್ಟರು ಜೋಡಿ ಹಾಕ್ಯಾನ."

ಈ ಮೈದಾನದಲ್ಲಿ ಇಷ್ಟು ಸಲೀಸಾದ ಸುಳ್ಳು ಇನ್ನೊಂದಿಲ್ಲ. ಕಾಕಾ ನಂಬಿದರು. ಶಿವಶರಣನೂ ನಂಬಿದ... ತಾನು ಅವಳಿಗೆ ಅಷ್ಟೇ ಎಂದು.

ಅಂದಿನ ಆಟವನ್ನು ಅವನು ಇಂಗ್ಲಿಷಿನಲ್ಲೇ ಮುಗಿಸಿದ. ಮರುವಾರ ಬರಲಿಲ್ಲ. ಅದರ ಮರುವಾರವೂ ಇಲ್ಲ. ಅವಳು ಮೆಸೇಜು ಬರೆದಳು, ಅಳಿಸಿದಳು.

ಸ್ಟಾರ್ಟರು ಬೇರೆ ಯಾರನ್ನೋ ಜೊತೆ ಮಾಡಿ ಕಳಿಸಿದ. ಚೆಂಡು ಮತ್ತೆ ನೀರಿಗೆ ಬಿತ್ತು.

"ಹೋತು," ಎಂದಳು.

"ಸಾರಿ?" ಎಂದ ಆ ಮನುಷ್ಯ.

"ನಥಿಂಗ್."

ಕಾರಿನಲ್ಲಿ ಕೂತು ಭಾವನಾ ಅತ್ತಳು. ಜನರ ಬಾಯಿಗೆ ಹೆದರಿ, ತನ್ನ ಮಾತು ಕೇಳುವ ಒಬ್ಬನನ್ನೂ ಕಳೆದುಕೊಂಡಿದ್ದಳು. ಈ ಸಲ ಬರೆದ ಮೆಸೇಜನ್ನು ಅಳಿಸಲಿಲ್ಲ. 'ಭಾನುವಾರ ಒಮ್ಮೆ ಬರ್ರಿ. ಕಾಕಾನೂ ಬರ್ತಾರ.'

ಉತ್ತರ ಬರಲಿಲ್ಲ. ಆದರೆ ಭಾನುವಾರ ಅವನು ಬಂದಿದ್ದ, ದೂರದಲ್ಲಿ ನಿಂತಿದ್ದ. ಭಾವನಾ ಹೋಗಿ ಅವನ ತೋಳು ಹಿಡಿದಳು. ಗೆಳೆಯರ ನಡುವೆ ಕಾಫಿ ಕುಡಿಯುತ್ತಿದ್ದ ಕಾಕಾನ ಎದುರಿಗೇ ಕರೆತಂದಳು.

"ಕಾಕಾ, ಅವತ್ತ ಸುಳ್ಳ ಹೇಳಿದೆ. ಇವರು ಶಿವಶರಣ. ಇಷ್ಟ ದೊಡ್ಡ ಊರಾಗ ನನಗ ಗೊತ್ತಿದ್ದವರು ಇವರೊಬ್ಬರ. ಅಪ್ಪಗ ಹೇಳೋದಿದ್ರ ಹೇಳ್ರಿ."

ಕಾಕಾ ಇಬ್ಬರನ್ನೂ ಸಾವಕಾಶ ನೋಡಿದರು.

"ನಾ ಯಾಕ ಹೇಳ್ಲಿ? ಇಂಥಾ ಸುದ್ದಿ ಮಗಳ ಬಾಯಿಂದನ ಕೇಳಬೇಕವ್ವಾ."

ರನ್‌ವೇ ಮೇಲೆ ಇಬ್ಬರೂ ನಡೆದರು. ಗಾಳಿ ಎದ್ದಿತು. ಶಿವಶರಣ ಸರಿದು ಗಾಳಿಯ ಕಡೆ ಬಂದ.

"ಇವತ್ತೂ ಸ್ಟಾರ್ಟರು ಜೋಡಿ ಹಾಕ್ಯಾನೇನ್ರಿ?"

ಅವಳು ಅಡ್ಡಡ್ಡ ತಲೆಯಾಡಿಸಿದಳು. ಕಣ್ಣು ತುಂಬಿತ್ತು.

"ಇಲ್ಲ. ನಾನ ಕೇಳಿ ಹಾಕಿಸ್ಕೊಂಡೀನಿ."