ನಾಲ್ಕನೇ ನಂಬರಿನ ಕೋವಿ

2024ರ ನವೆಂಬರ್ 12, ಮಂಗಳವಾರ. ಬೆಳಿಗ್ಗೆ ಎಂಟು ಇಪ್ಪತ್ತಕ್ಕೆ ಇನ್‌ಸ್ಪೆಕ್ಟರ್ ಸೌದಾಮಿನಿ ಠಾಣೆಗೆ ಬಂದಾಗ ಬಾಯಾರಿನ ರೈಫಲ್ ಕ್ಲಬ್ಬಿನ ಕಾರ್ಯದರ್ಶಿ ಮುರಳೀಕೃಷ್ಣ ಬೆಂಚಿನ ತುದಿಯಲ್ಲಿ ಕೂತಿದ್ದರು. ಗಾಬರಿಯಲ್ಲಿ ಅಂಗಿಯ ಗುಂಡಿಗಳನ್ನು ಮೇಲೆ ಕೆಳಗೆ ಹಾಕಿಕೊಂಡಿದ್ದರು.

“ಮೇಡಂ, ನಮ್ಮ ಒಂದು ಕೋವಿ ಕಾಣುವುದಿಲ್ಲ.”

“ಯಾವ ಕೋವಿ?”

“ತ್ರೀ ನಾಟ್ ತ್ರೀ. ಹಿಂದೆ ಮಿಲಿಟರಿಯಲ್ಲಿದ್ದದ್ದು, ಮತ್ತೆ ಪೊಲೀಸರ ಕೈಯಲ್ಲಿದ್ದದ್ದು. ಸೇವೆಯಿಂದ ಕೈಬಿಟ್ಟ ಮೇಲೆ ಸರಕಾರ ಕ್ಲಬ್ಬಿಗೆ ಐದು ಕೊಟ್ಟಿತ್ತು. ಈಗ ನಾಲ್ಕೇ ಉಂಟು.”

“ಕೊನೆಗೆ ನೋಡಿದ್ದು ಯಾವಾಗ?”

“ಮೂರನೇ ತಾರೀಕು. ಭಾನುವಾರ.”

“ಗುಂಡುಗಳು?”

“ಅದು ಬೇರೆ ಕಪಾಟಿನಲ್ಲಿ. ಎಣಿಸಿದೆ. ಒಂದೂ ಹೋಗಲಿಲ್ಲ.”

ಎಂಟು ಐವತ್ತೈದಕ್ಕೆ ಎಫ್‌ಐಆರ್ ದಾಖಲಾಯಿತು. ಒಂಬತ್ತಕ್ಕೆ ಡಿವೈಎಸ್‌ಪಿಯವರ ಫೋನು ಬಂತು. ಶನಿವಾರ ಸಚಿವರೊಬ್ಬರು ಸೇತುವೆ ಉದ್ಘಾಟನೆಗೆ ಬರುವವರಿದ್ದರು. ಅದರೊಳಗೆ ಕೋವಿ ಸಿಗಬೇಕು ಎಂದಷ್ಟೇ ಹೇಳಿ ಅವರು ಫೋನಿಟ್ಟರು.

ಸೌದಾಮಿನಿಗೆ ಬೇರೆಯೇ ಒಂದು ನೆನಪು ಚುಚ್ಚುತ್ತಿತ್ತು. ಎಸ್‌ಐ ಆಗಿದ್ದಾಗ, ಇನ್ನೊಂದು ಠಾಣೆಯಲ್ಲಿ, ನಾಡಕೋವಿ ಕಳೆದುಹೋದ ದೂರೊಂದನ್ನು ನಾಳೆ ನೋಡೋಣವೆಂದು ಬದಿಗಿಟ್ಟಿದ್ದಳು. ಆ ನಾಳೆ ಬರುವ ಮೊದಲೇ ಜಾಗದ ತಕರಾರಿನಲ್ಲಿ ಅದೇ ಕೋವಿಯ ಗುಂಡಿಗೆ ಒಬ್ಬನ ಮೊಣಕಾಲು ಒಡೆದುಹೋಗಿತ್ತು. ಅಂದಿನಿಂದ ಕೋವಿಯ ದೂರು ಬಂದರೆ ಅವಳು ಚಹಾ ಕುಡಿಯಲೂ ಕೂರುತ್ತಿರಲಿಲ್ಲ.

ಹತ್ತು ನಲವತ್ತಕ್ಕೆ ಬಾಯಾರು ಪದವಿನಲ್ಲಿ, ಗುಡ್ಡದ ಮೇಲಿನ ಬಯಲಿನಲ್ಲಿದ್ದ ಕ್ಲಬ್ಬಿನ ಕೆಂಪುಕಲ್ಲಿನ ಕೋಣೆಯಲ್ಲಿ ಮಹಜರು ಶುರುವಾಯಿತು. ಸೀನಿಯರ್ ಕಾನ್‌ಸ್ಟೆಬಲ್ ಇರ್ಷಾದ್ ಬರೆಯುತ್ತಿದ್ದ. ಬೀಗ ಒಡೆದಿರಲಿಲ್ಲ. ಬಾಗಿಲಿನ ಬಿಜಾಗರಿಯ ಕಡ್ಡಿಗಳನ್ನು ಹೊರತೆಗೆದು, ಕೆಲಸ ಮುಗಿದ ಮೇಲೆ ಎಣ್ಣೆ ಹಚ್ಚಿ ಮತ್ತೆ ಕೂರಿಸಿದ್ದರು.

“ಕಳ್ಳ ಬಾಗಿಲು ರಿಪೇರಿ ಮಾಡಿ ಹೋಗಿದ್ದಾನೆ ಮೇಡಂ,” ಎಂದ ಇರ್ಷಾದ್. “ಮೊದಲು ಕಿರ್ರೆನ್ನುತ್ತಿತ್ತಂತೆ, ಈಗ ಸದ್ದೇ ಇಲ್ಲ.”

ಉಳಿದ ನಾಲ್ಕು ಕೋವಿಗಳು ಚೌಕಟ್ಟಿನಲ್ಲಿ ನಿಂತಿದ್ದವು. ಒಂದನೆಯದರ ಮರದ ಹಿಡಿ ಪಾಲಿಶ್ ಹಾಕಿದಂತೆ ಹೊಳೆಯುತ್ತಿತ್ತು. ಎರಡನೆಯದು ಹೊಸತೇ ಎನ್ನುವಂತಿತ್ತು.

“ಹೋದದ್ದು ಹೇಗಿತ್ತು?” ಸೌದಾಮಿನಿ ಕೇಳಿದಳು.

“ನಾಲ್ಕನೇ ನಂಬರು. ಎಲ್ಲಕ್ಕಿಂತ ದರಿದ್ರದ್ದು,” ಎಂದರು ಮುರಳೀಕೃಷ್ಣ. “ಮರದ ಹಿಡಿ ಅರ್ಧ ಸುಟ್ಟು ಕಪ್ಪಾಗಿತ್ತು. ಬಣ್ಣ ಪೂರ್ತಿ ಹೋಗಿತ್ತು. ಪುಕ್ಕಟೆ ಕೊಟ್ಟರೂ ಯಾರೂ ಮುಟ್ಟುತ್ತಿರಲಿಲ್ಲ.”

ಅದು ಅವಳ ತಲೆಯಲ್ಲಿ ಕೂತಿತು. ಹೊಳೆಯುವುದನ್ನು ಬಿಟ್ಟು ಸುಟ್ಟದ್ದನ್ನು ಒಯ್ಯುವ ಕಳ್ಳ ಯಾರು?

ಮಧ್ಯಾಹ್ನ ಎರಡಕ್ಕೆ ಸಶಸ್ತ್ರ ಪೊಲೀಸರ ಎ.ಆರ್. ಕ್ಯಾಂಪಿನಿಂದ ಕೋವಿ ದುರಸ್ತಿಯ ವಿಘ್ನೇಶ ಬಂದ. ಒಂದೊಂದನ್ನೇ ಎತ್ತಿ, ಹಿಂಬದಿಗೆ ಬಿಳಿ ಕಾಗದ ಹಿಡಿದು, ನಳಿಗೆಯೊಳಗೆ ಒಂದು ಕಣ್ಣಿಟ್ಟು ನೋಡಿದ. ಅರ್ಧ ಗಂಟೆಯ ನಂತರ ಕೈ ಒರೆಸಿಕೊಂಡ.

“ಕಳ್ಳ ಸಹ ಹೀಗೆಯೇ ನೋಡಿದ್ದಾನೆ ಮೇಡಂ. ನಾಲ್ಕರ ಬಾಯಿಯಲ್ಲೂ ಧೂಳು ಒರೆಸಿದ ಗುರುತು ಉಂಟು. ಒಂದನೆಯದಕ್ಕೆ ಒಳಗೆ ತುಕ್ಕು ತಿಂದು ಗುಳಿ ಬಿದ್ದಿದೆ. ಎರಡನೆಯದರ ಬಾಯಿ ಸವೆದಿದೆ. ಮೂರನೆಯದು ಬೇರೆ ಬೇರೆ ಕೋವಿಗಳ ಭಾಗ ಸೇರಿಸಿ ಕಟ್ಟಿದ್ದು. ಐದನೆಯದರ ಮೈಯಲ್ಲೇ ಬಿರುಕು.”

“ನಾಲ್ಕನೆಯದು?”

ವಿಘ್ನೇಶ ಕ್ಲಬ್ಬಿನ ಹಳೆ ಫೋಟೋವನ್ನು ದೊಡ್ಡದು ಮಾಡಿ ತೋರಿಸಿದ. “ಇಲ್ಲಿ ಎಡಗಡೆ ಎರಡು ಸಣ್ಣ ಉಬ್ಬು ಕಾಣ್ತದಾ? ಗುರಿಯಿಡುವ ದುರ್ಬೀನು ಕೂರಿಸ್ಲಿಕ್ಕೆ ಮಾಡಿದ ಜಾಗ. ಇಂಥ ಗುರುತು ಸಾವಿರದಲ್ಲಿ ಒಂದಕ್ಕೆ ಇರ್ತದೆ. ಹೊರಗಿನ ಮರ ಸುಟ್ಟರೆ ಹೊಸತು ಹಾಕಬಹುದು. ಒಳಗಿನ ನಳಿಗೆ ಹಾಳಾದರೆ ಮಾತ್ರ ಮುಗಿಯಿತು. ತಗೊಂಡವನಿಗೆ ಎಂತ ಬೇಕು ಅಂತ ಸರಿಯಾಗಿ ಗೊತ್ತುಂಟು.”

ದುರ್ಬೀನಿನ ಕೋವಿಯೆಂದರೆ ಅರ್ಧ ಮೈಲಿಯ ಆಚೆಯಿಂದ ಒಬ್ಬನನ್ನು ಆರಿಸಿ ಹೊಡೆಯುವ ಕೋವಿ. ಸಚಿವರು ಬರುವ ಸೇತುವೆಯ ಎರಡೂ ದಡದಲ್ಲಿ ಗುಡ್ಡಗಳಿದ್ದವು.

“ದುರ್ಬೀನು ಕೂರಿಸುವ ಹಿಡಿಕೆ ಎಲ್ಲಿ ಸಿಗುತ್ತದೆ?”

“ಈ ಹಳೆ ಜಾತಿಗೆ ಪೇಟೆಯಲ್ಲಿ ಸಿಗುವುದಿಲ್ಲ. ಲೇತಿನಲ್ಲಿ ಮಾಡಿಸಬೇಕು.”

ಬುಧವಾರ ಇಡೀ ದಿನ ಇರ್ಷಾದ್ ಮತ್ತು ಇಬ್ಬರು ಕಾನ್‌ಸ್ಟೆಬಲ್‌ಗಳು ಉಪ್ಪಳದಿಂದ ದಕ್ಷಿಣಕ್ಕೆ ಒಂದೊಂದೇ ಲೇತ್ ಅಂಗಡಿಗೆ ಹತ್ತಿ ಇಳಿದರು. ಹತ್ತೊಂಬತ್ತು ಅಂಗಡಿ, ಏನೂ ಸಿಗಲಿಲ್ಲ. ಗುರುವಾರ ಹನ್ನೊಂದೂಕಾಲಿಗೆ ನಾಯ್ಮಾರ್ಮೂಲೆಯಿಂದ ಇರ್ಷಾದನ ಫೋನು ಬಂತು. ಸೌದಾಮಿನಿ ಹೋಗುವಾಗ ಅಲ್ಲಿನ ಲೇತ್ ಅಂಗಡಿಯ ಮಾಲೀಕ ಬಾವಾ ಕಬ್ಬಿಣದ ಚೂರು ಗುಡಿಸುತ್ತಿದ್ದ.

“ಹಿಡಿಕೆ ಮಾಡಿಸಿದವರು ಯಾವಾಗ ಬಂದರು?”

“ಎಂಟನೇ ತಾರೀಕಿಗೆ, ಶುಕ್ರವಾರ. ಜುಮ್ಮಾಕ್ಕೆ ಅಂಗಡಿ ಮುಚ್ಚುವ ಮೊದಲು.”

“ಎಂತಕ್ಕೆ ಅಂತ ಹೇಳಿದರು?”

“ಸರ್ವೆಯವರ ಯಂತ್ರಕ್ಕೆ ಅಂತ. ರಟ್ಟಿನಲ್ಲಿ ಕತ್ತರಿಸಿ ಅಚ್ಚು ತಂದಿದ್ರು. ಎಂತಹ ಅಳತೆ ಮೇಡಂ! ಕೂದಲಿನಷ್ಟು ಹೆಚ್ಚು ಕಡಿಮೆ ಆದದ್ದಕ್ಕೆ ಎರಡು ಸಲ ವಾಪಸ್ ಮಾಡಿಸಿದ್ರು. ನನಗೆ ಸಿಟ್ಟು ಬಂತು. ಆದರೆ ಅವರು ಹೇಳಿದ್ದು ಸರಿಯೇ ಇತ್ತು.”

“ಮನುಷ್ಯ ಹೇಗಿದ್ದ?”

“ಪ್ರಾಯ ಆದವರು. ನನ್ನ ಹತ್ತಿರ ಚೆಂದಕ್ಕೆ ಬ್ಯಾರಿ ಭಾಷೆ ಮಾತಾಡಿದ್ರು, ಆದರೆ ನಮ್ಮ ಬ್ಯಾರಿ ಜನ ಅಲ್ಲ. ಬಲಗೈಯ ಹೆಬ್ಬೆರಳು ಅರ್ಧವೇ ಇದ್ದದ್ದು.”

ಸೌದಾಮಿನಿ ಅಲ್ಲಿಂದಲೇ ಮುರಳೀಕೃಷ್ಣರಿಗೆ ಫೋನು ಮಾಡಿದಳು. ಅರ್ಧ ಹೆಬ್ಬೆರಳಿನವರು ಯಾರೆಂದು ಕೇಳಿದಳು.

“ವಾಸಪ್ಪಣ್ಣ,” ಎಂದರು ಅವರು. “ಮಿಲಿಟರಿ ವರ್ಕ್‌ಶಾಪಿನಲ್ಲಿ ಕೋವಿ ರಿಪೇರಿಗೆ ಇದ್ದವರು. ಹನ್ನೆರಡು ವರ್ಷ ನಮ್ಮ ಕ್ಲಬ್ಬಿನ ಕೋವಿ ನೋಡಿಕೊಂಡದ್ದು ಅವರೇ. ಜೂನ್‌ನಲ್ಲಿ ಹೊಸ ಸಮಿತಿ ಅವರನ್ನು ಬಿಡಿಸಿತು.”

“ಯಾಕೆ?”

“ಜಗಳ ಆಯ್ತು. ಐದೂ ಕೋವಿ ಹಳತಾಯ್ತು, ವಾಪಸ್ ಕೊಟ್ಟು ಕರಗಿಸಲಿ ಅಂತ ಸಮಿತಿ ತೀರ್ಮಾನ ಮಾಡಿತು. ಕರಗಿಸ್ಲಿಕ್ಕೆ ಒಯ್ಯುವುದು ಈ ಇಪ್ಪತ್ತನೇ ತಾರೀಕಿಗೆ. ಒಂದು ಒಳ್ಳೆಯದುಂಟು, ಆರಿಸಿ ಕೊಡ್ತೇನೆ ಅಂದರು ಅವರು. ನಾವು ಕೇಳಲಿಲ್ಲ.”

“ಇದನ್ನು ಮಂಗಳವಾರವೇ ಹೇಳಬೇಕಿತ್ತು ನೀವು.”

“ಅವರು ಕದಿಯುವ ಜನ ಅಲ್ಲ ಮೇಡಂ. ನೆನಪೇ ಆಗಲಿಲ್ಲ.”

ಮೂರು ಇಪ್ಪತ್ತಕ್ಕೆ ಜೀಪು ಶಿರಿಯ ಹೊಳೆಯ ಬದಿಯಲ್ಲಿ, ವಾಸಪ್ಪರ ಮನೆಯ ಹತ್ತಿರ ನಿಂತಿತು. ಇಬ್ಬರು ಕಾನ್‌ಸ್ಟೆಬಲ್‌ಗಳು ಹಿಂಬದಿಗೆ ಹೋದರು. ಇರ್ಷಾದ್ ಬೇಡವೆಂದು ಕಣ್ಣಲ್ಲೇ ಹೇಳಿದರೂ ಸೌದಾಮಿನಿ ಮುಂದಿನಿಂದ ತಾನೇ ನಡೆದಳು. ಪಿಸ್ತೂಲಿನ ಚೀಲದ ಗುಂಡಿ ಬಿಚ್ಚಿತ್ತು. ಬಲೆ ಒಣಹಾಕಿದ ಅಂಗಳದ ಆಚೆ ತಗಡಿನ ಮಾಡಿನ ಕೊಟ್ಟಿಗೆ. ಒಳಗೆ ಮೇಜಿನ ಮೇಲೆ ಕೋವಿ ಇತ್ತು. ಅದಕ್ಕೆ ಹಲಸಿನ ಮರದ ಹೊಸ ಹಿಡಿ, ಮೇಲೆ ಕಪ್ಪು ದುರ್ಬೀನು. ಅರುವತ್ತೇಳರ ವಾಸಪ್ಪ ಕನ್ನಡಕ ಏರಿಸಿ ಮರಕ್ಕೆ ಎಣ್ಣೆ ತಿಕ್ಕುತ್ತಿದ್ದರು.

“ಕೈ ಮೇಲೆ!”

ಅವರು ಎಣ್ಣೆಬಟ್ಟೆ ಹಿಡಿದೇ ಕೈ ಎತ್ತಿದರು. ಮುಖದಲ್ಲಿ ಹೆದರಿಕೆಗಿಂತ ನಾಚಿಕೆ ಹೆಚ್ಚಿತ್ತು.

“ಗುಂಡು ಎಲ್ಲಿ?”

“ಗುಂಡು ನನಗೆ ಎಂತಕ್ಕೆ? ಇಲ್ಲ.”

ಇರ್ಷಾದ್ ಮೂಲೆಮೂಲೆ ಹುಡುಕಿದ. ನಿಜವಾಗಿಯೂ ಇರಲಿಲ್ಲ. ಸೌದಾಮಿನಿ ಪಿಸ್ತೂಲಿನ ಚೀಲದ ಗುಂಡಿ ಹಾಕಿದಳು.

“ಯಾರಿಗಾಗಿ ಮಾಡಿದ್ದು ಇದು?”

ಗದ್ದಲ ಕೇಳಿ ಪಕ್ಕದ ಮನೆಯಿಂದ ಹೆಂಗಸೊಬ್ಬಳು ಓಡಿ ಬಂದಳು. ಶಾಲೆಯೊಂದರಲ್ಲಿ ಆಟದ ಟೀಚರಾಗಿದ್ದ, ಕ್ಲಬ್ಬಿನಲ್ಲಿ ಗುರಿ ಅಭ್ಯಾಸ ಮಾಡುತ್ತಿದ್ದ ಶಹಾನಾ. ಮೇಜಿನ ಮೇಲಿದ್ದುದನ್ನು ಕಂಡು ಬಾಗಿಲಲ್ಲೇ ನಿಂತಳು.

“ವಾಸಪ್ಪಣ್ಣ, ಇದು ಎಂತ ಮಾಡಿದ್ರಿ ನೀವು?”

“ನಿನಗೆ ಸಂಬಂಧ ಇಲ್ಲ. ನೀನು ಒಳಗೆ ಹೋಗು,” ಎಂದರು ಮುದುಕರು.

ವಿಷಯ ಬಿಡಿಸಿ ಹೇಳಿದವಳು ಅವಳೇ. ಸಣ್ಣ ಕೋವಿಯ ಸ್ಪರ್ಧೆಯಲ್ಲಿ ಅವಳಿಗೆ ಎರಡು ಸಲ ರಾಜ್ಯದ ಪದಕ ಬಂದಿತ್ತು. ದೊಡ್ಡ ಕೋವಿಯ, ದುರ್ಬೀನು ಇಟ್ಟು ಹೊಡೆಯುವ ಸ್ಪರ್ಧೆಗೆ ಇಳಿಯಬೇಕಾದರೆ ಹೊರದೇಶದ ಕೋವಿ ಬೇಕು. ಟೀಚರ ಸಂಬಳದಲ್ಲಿ ಅದು ಈ ಜನ್ಮಕ್ಕೆ ಆಗದ ಮಾತು. ಕಳೆದ ವರ್ಷ ಆಯ್ಕೆಗೆ ಹೋದವಳು ಬೇರೆಯವರ ಕೋವಿಗೆ ಕಾದು ಕೂತು, ಸರದಿ ಬರುವ ಮೊದಲೇ ವಾಪಸಾಗಿದ್ದಳು.

“ಐದರಲ್ಲಿ ಇದೊಂದು ಬದುಕಿದ್ದು,” ವಾಸಪ್ಪ ಮೆಲ್ಲಗೆ ಹೇಳಿದರು. “ಒಳಗೆ ಕನ್ನಡಿಯ ಹಾಗೆ ಉಂಟು ಮೇಡಂ. ದುರ್ಬೀನು ನನ್ನ ಹತ್ತಿರ ಮೊದಲೇ ಇತ್ತು. ಮರ ಹಿತ್ತಿಲಿನದ್ದು. ಶನಿವಾರ ಕ್ಲಬ್ಬಿನ ಮೀಟಿಂಗು. ಅಲ್ಲಿಗೆ ತಗೊಂಡು ಹೋಗಿ, ನೋಡಿ, ಇಷ್ಟು ಸಣ್ಣ ಖರ್ಚಿನಲ್ಲಿ ಆಗ್ತದೆ ಅಂತ ತೋರಿಸುವ ಅಂತಿದ್ದೆ. ಬಾಯಲ್ಲಿ ಹೇಳಿದರೆ ಕೇಳುವುದಿಲ್ಲವಲ್ಲ.”

“ಜಿಲ್ಲಾಧಿಕಾರಿಗೆ ಬರೆಯಬಹುದಿತ್ತು.”

“ಮೂರು ಸಲ ಬರೆದೆ.” ಗೋಡೆಯ ಮೊಳೆಗೆ ಸಿಕ್ಕಿಸಿದ್ದ ಅಂಚೆ ರಸೀದಿಗಳನ್ನು ತೋರಿಸಿದರು.

ಸೌದಾಮಿನಿ ಅವುಗಳನ್ನು ಓದಿದಳು. ನಂತರ ಪಂಚರನ್ನು ಕರೆಸಿ ಕೋವಿ ವಶಪಡಿಸಿಕೊಂಡ ಮಹಜರು ಬರೆಸಿದಳು. ನಾಲ್ಕು ಹತ್ತಕ್ಕೆ ಬಂಧನ. ಕೈಕೋಳ ಬೇಡವೆಂದಳು. ಜೀಪು ಹತ್ತುವಾಗ ವಾಸಪ್ಪ ಕೇಳಿದ್ದು ಒಂದೇ: “ಎಣ್ಣೆ ಇನ್ನೂ ಹಸಿ ಉಂಟು. ಬಟ್ಟೆ ಸುತ್ತಿ ತರ್ಲಿಕ್ಕೆ ಹೇಳ್ತೀರಾ?”

ಮರುದಿನ ಅವರಿಗೆ ಜಾಮೀನು ಸಿಕ್ಕಿತು. ಆಯುಧ ಮುಟ್ಟಬಾರದು, ಕ್ಲಬ್ಬಿನ ಆವರಣದೊಳಗೆ ಕಾಲಿಡಬಾರದು ಎಂಬ ಷರತ್ತಿತ್ತು. ಪ್ರಕರಣದ ವರದಿಯಲ್ಲಿ ಸೌದಾಮಿನಿ ಕಳವನ್ನು ಕಳವೆಂದೇ ಬರೆದಳು. ಅದರ ಕೆಳಗೆ ಆ ಮೂರು ಪತ್ರಗಳ ತಾರೀಕನ್ನೂ, ನಾಲ್ಕನೇ ಕೋವಿ ಕರಗಿಸುವಂಥದ್ದಲ್ಲವೆಂಬ ವಿಘ್ನೇಶನ ಅಭಿಪ್ರಾಯವನ್ನೂ ಸೇರಿಸಿದಳು. ಮುರಳೀಕೃಷ್ಣರೇ ಆ ವರದಿಯ ಪ್ರತಿ ಹಿಡಿದು ಜಿಲ್ಲಾ ಕಚೇರಿಗೆ ನಾಲ್ಕು ಸಲ ಅಲೆದರು. ಕರಗಿಸುವ ಪಟ್ಟಿಯಿಂದ ಒಂದು ನಂಬರು ಕಡಿಮೆಯಾಯಿತು. ಫೆಬ್ರವರಿಯಲ್ಲಿ ನ್ಯಾಯಾಲಯ ಮುಚ್ಚಳಿಕೆ ಬರೆಸಿಕೊಂಡು ಕೋವಿಯನ್ನು ಕ್ಲಬ್ಬಿನ ಸುಪರ್ದಿಗೆ ಬಿಟ್ಟಿತು. ದುರ್ಬೀನಿಗೆ ಅನುಮತಿಯ ಕಾಗದವೂ ಬಂತು.

ಮಾರ್ಚ್‌ನ ಮೊದಲ ಭಾನುವಾರ ಬೆಳಿಗ್ಗೆ, ಸುಪರ್ದಿಯ ಷರತ್ತು ಪರಿಶೀಲಿಸಲು ಸೌದಾಮಿನಿ ಕ್ಲಬ್ಬಿನ ಬಯಲಿಗೆ ಹೋದಳು. ಶಹಾನಾ ಮಲಗಿ ಗುರಿಯಿಟ್ಟಿದ್ದಳು. ಹತ್ತು ಗುಂಡು ಮುಗಿದ ಮೇಲೆ ಎದ್ದು, ಗುರಿಯ ಕಾಗದ ಕಿತ್ತುಕೊಂಡು, ಯಾರಿಗೂ ತೋರಿಸದೆ ನೇರ ಬೇಲಿಯ ಕಡೆ ಓಡಿದಳು. ಬೇಲಿಯ ಆಚೆ, ಗೇರುಮರದ ಕೆಳಗೆ, ವಾಸಪ್ಪ ನಿಂತಿದ್ದರು.

ಇರ್ಷಾದ್ ಸೌದಾಮಿನಿಯ ಮುಖ ನೋಡಿದ. “ಮೇಡಂ, ಜಾಮೀನಿನ ಷರತ್ತು...”

“ಆವರಣದ ಒಳಗೆ ಅಂತ ಬರೆದಿದೆ. ಅವರು ಹೊರಗಿದ್ದಾರಲ್ಲ.”

ವಾಸಪ್ಪ ತಂತಿಯ ಮೇಲಿನಿಂದ ಕಾಗದ ತೆಗೆದುಕೊಂಡು ಬಿಸಿಲಿಗೆ ಹಿಡಿದರು. ಒಂಬತ್ತು ತೂತುಗಳು ಒಂದು ಚಿಪ್ಪಿಯೊಳಗೆ ಹಿಡಿಯುವಷ್ಟು ಹತ್ತಿರವಿದ್ದವು. ಅವರು ಬಹಳ ಹೊತ್ತು ನೋಡಿದರು. ಹೊಗಳಲಿಲ್ಲ.

“ಹತ್ತನೆಯದು ಎಡಕ್ಕೆ ಹೋಗಿದೆ,” ಎಂದರು. “ಅವಸರ ಮಾಡಿದ್ದಿ. ಹೋಗು, ಇನ್ನೊಮ್ಮೆ ಹೊಡಿ.”