ಏಳನೆಯ ಹೆಸರು

“ಬೆರ್ಮೆಟ್, ಇವತ್ತು ನೀನು ನನ್ನ ಹಿಂದೇನೇ ಬಾ. ಗಾಳಿ ನಾನು ನೋಡ್ಕೋತೀನಿ.”

ಬೊಕೊನ್‌ಬಾಯೆವೊ ಊರಿನ ಕೊನೆಯ ಮನೆ ದಾಟುವಾಗ ಕುಬಾನ್ ಆಡಿದ ಈ ಮಾತಿಗೆ ಚೋಲ್ಪನ್‌ಳ ಕಾಲು ಪೆಡಲಿನ ಮೇಲೆ ಹಾಗೇ ನಿಂತಿತು.

ಬೆರ್ಮೆಟ್‌ಗಾ? ಮತ್ತೆ ನಾನು...?

ಅವನ ಹಿಂಚಕ್ರದ ಹಿಂದಿನ ಆ ಒಂದು ಮೊಳ ಜಾಗ ನಾಲ್ಕು ದಿನದಿಂದ ಅವಳದಾಗಿತ್ತು. ಎದುರುಗಾಳಿಯಲ್ಲಿ ಸೈಕಲ್ ತುಳಿದವರಿಗೆ ಆ ಜಾಗದ ಬೆಲೆ ಗೊತ್ತು. ಮುಂದಿನವನು ಗಾಳಿಯನ್ನು ಎದೆಗೆ ತೆಗೆದುಕೊಳ್ಳುತ್ತಾನೆ, ಹಿಂದಿನವಳು ಅವನ ಮರೆಯಲ್ಲಿ ಅರ್ಧ ಶ್ರಮಕ್ಕೇ ಸಾಗುತ್ತಾಳೆ.

ಕಳೆದ ಮೇ ತಿಂಗಳಲ್ಲಿ ಬೋಮ್ ಕಣಿವೆಯಲ್ಲಿ ಚೋಲ್ಪನ್ ಮತ್ತು ಕುಬಾನ್ ಮೊದಲು ಎದುರಾದದ್ದೂ ಇಂಥದ್ದೇ ಗಾಳಿಯಲ್ಲಿ. ಸೋತು ರಸ್ತೆ ಬದಿಯಲ್ಲಿ ಕೂತಿದ್ದ ಅವಳ ಮುಂದೆ ಯಾರೋ ಸೈಕಲ್ ನಿಲ್ಲಿಸಿ, “ಅಳೋದು ಆಮೇಲೆ, ಮೊದಲು ನನ್ನ ಹಿಂದೆ ಬನ್ನಿ” ಎಂದಿದ್ದ. ಮೂವತ್ತು ಕಿಲೋಮೀಟರ್ ಅವಳು ನೋಡಿದ್ದು ಅವನ ಬೆನ್ನನ್ನು ಮಾತ್ರ. ಊರು ತಲುಪಿ ಅವನು ಹಿಂದಿರುಗಿ ನಕ್ಕಾಗ ಅವಳ ಮನಸ್ಸು ಆಗಲೇ ಕೈತಪ್ಪಿತ್ತು.

ಈಗ ಸೆಪ್ಟೆಂಬರ್ ಕೊನೆ. ಬಾಲಿಕ್ಚಿಯಿಂದ ಹೊರಟು ಇಸ್ಸಿಕ್‌ಕುಲ್ ಸರೋವರವನ್ನು ಸುತ್ತಿ ಮತ್ತೆ ಬಾಲಿಕ್ಚಿಗೇ ಮರಳುವ ಐದು ದಿನದ ಪಯಣ. ಒಬ್ಬಳನ್ನೇ ಕಳಿಸಲು ಅಮ್ಮ ಒಪ್ಪದೆ ಇದ್ದದ್ದಕ್ಕೆ ಚಿಕ್ಕಪ್ಪನ ಮಗಳು ಬೆರ್ಮೆಟ್ ಜೊತೆಯಾಗಿದ್ದಳು. ಉತ್ತರ ದಂಡೆಯಲ್ಲಿ ಬೆನ್ನು ತಳ್ಳಿದ, ಪಡುವಣದಿಂದ ಬೀಸುವ ಉಲಾನ್ ಗಾಳಿ ಇಂದು ಮುಖಕ್ಕೇ ಹೊಡೆಯುತ್ತಿತ್ತು. ಇಂದು ಕೊನೆಯ ದಿನ. ಇವತ್ತಾದರೂ ಅವನು ಬಾಯಿ ಬಿಡುತ್ತಾನೆ ಎಂದು ಚೋಲ್ಪನ್ ರಾತ್ರಿಯಿಡೀ ಕಾದಿದ್ದಳು.

ಬಾಯಿ ಬಿಟ್ಟ. ಆದರೆ ಬೆರ್ಮೆಟ್ ಹತ್ತಿರ!

“ಯಾಕಕ್ಕಾ ಹಿಂದೆ ಉಳಿದೆ? ಬಾ, ನನ್ನ ಹಿಂದೆ ಸೇರ್ಕೋ,” ಬೆರ್ಮೆಟ್ ಕೂಗಿದಳು.

“ನಂಗೆ ಯಾರ ಮರೇನೂ ಬೇಡ,” ಎಂದಳು ಚೋಲ್ಪನ್. ಹಾಗೆಂದು ಮೂರನೆಯವಳಾಗಿ ಸೇರಿಕೊಂಡೂ ಬಿಟ್ಟಳು. ಸಿಟ್ಟೇನೋ ಇತ್ತು, ಕಿವಿ ಮಾತ್ರ ಅವರ ಹತ್ತಿರವೇ ಇರಬೇಕಿತ್ತಲ್ಲ.

ಬಲಕ್ಕೆ ಸರೋವರ ಬೆಳ್ಳಗೆ ನೊರೆಯೇಳುತ್ತಿತ್ತು. ಗಂಟೆಗೆ ಎಂಟು ಕಿಲೋಮೀಟರ್ ದಾಟುವುದೇ ಕಷ್ಟವಾಗಿತ್ತು. ಬಾಯಿ ತೆರೆದರೆ ಹಲ್ಲಿನಲ್ಲಿ ಮರಳು. ಅಷ್ಟರಲ್ಲೂ ಆ ಇಬ್ಬರ ಮಾತು ನಿಲ್ಲಲಿಲ್ಲ.

ಕುಬಾನ್ ಜೇಬಿನಿಂದ ಒಣ ಜರದಾಳು ತೆಗೆದು ಹಿಂದಕ್ಕೆ ಕೈ ಚಾಚಿದ. ಬೆರ್ಮೆಟ್ ಎರಡು ತೆಗೆದುಕೊಂಡಳು. ಅವು ಮೊನ್ನೆ ಬಾರ್ಸ್ಕೂನ್‌ನಲ್ಲಿ, ಚೋಲ್ಪನ್‌ಗೆ ಇಷ್ಟ ಎಂದು ಅವನು ಕೊಂಡ ಜರದಾಳುಗಳು.

ತಿನ್ನು, ಎಲ್ಲಾ ನೀನೇ ತಿನ್ನು... ಚೋಲ್ಪನ್ ಒಳಗೇ ಕುದಿದಳು.

“ಸ್ವಲ್ಪ ನಿಧಾನ ಹೋಗ್ತೀರಾ?” ಬೆರ್ಮೆಟ್ ಅವನನ್ನು ಕೇಳಿದಳು.

ನಿನ್ನೆಯವರೆಗೆ ಮಾತಿಗೊಮ್ಮೆ ‘ಅಣ್ಣಾ, ಅಣ್ಣಾ’ ಎನ್ನುತ್ತಿದ್ದವಳು. ಇಂದು ಬೆಳಿಗ್ಗೆಯಿಂದ ಒಂದೇ ಒಂದು ಸಲವೂ ಅಣ್ಣ ಎಂದಿಲ್ಲ! ಇದನ್ನು ಗಮನಿಸಿದ ಮೇಲೆ ಚೋಲ್ಪನ್‌ಗೆ ಗಾಳಿಯ ಚಳಿಯೂ ತಿಳಿಯಲಿಲ್ಲ, ಮೈಯೆಲ್ಲ ಉರಿಯಿತು.

ಗುಡ್ಡದ ಮರೆಯಲ್ಲಿ ಗಾಳಿ ಕೊಂಚ ತಗ್ಗಿತು. ಕುಬಾನ್ ವೇಗ ಇಳಿಸಿ ಬೆರ್ಮೆಟ್ ಪಕ್ಕಕ್ಕೆ ಬಂದ. ಅವನ ದನಿ ಸ್ಪಷ್ಟವಾಗಿ ಕೇಳಿತು.

“ಇನ್ನೊಂದ್ಸಲ ಹೇಳು. ಅಪ್ಪನಿಂದ ಶುರು ಮಾಡಿ ಏಳು ತಲೆ. ಒಂದೂ ಬಿಡಬೇಡ.”

ಬೆರ್ಮೆಟ್ ಬೆರಳು ಮಡಿಸುತ್ತಾ ಹೆಸರುಗಳನ್ನು ಹೇಳತೊಡಗಿದಳು.

ಏಳು ತಲೆಮಾರಿನೊಳಗೆ ಎರಡೂ ಕಡೆಗೆ ಒಬ್ಬರೇ ಹಿರಿಯರು ಬಂದರೂ ಕಿರ್ಗಿಜ್ ಮನೆಗಳಲ್ಲಿ ಹೆಣ್ಣು ಕೊಡುವುದಿಲ್ಲ, ತರುವುದಿಲ್ಲ. ವಯಸ್ಸಿಗೆ ಬಂದ ಗಂಡು, ವಯಸ್ಸಿಗೆ ಬಂದ ಹೆಣ್ಣಿನ ಏಳು ಹಿರಿಯರನ್ನು ಇಷ್ಟು ಶ್ರದ್ಧೆಯಿಂದ ಕೇಳುತ್ತಾನೆಂದರೆ ಅದಕ್ಕೆ ಇನ್ನೊಂದು ಅರ್ಥ ಹುಡುಕಬೇಕಿಲ್ಲ.

ಅಯ್ಯೋ ಹುಚ್ಚಿ, ಆ ಬೋಮ್ ಕಣಿವೇಲೇ ಕೂತು ಅತ್ತು ಮನೆಗೆ ಹೋಗಿದ್ರೆ ಆಗ್ತಿತ್ತಲ್ಲೇ ನೀನು...

ಮಧ್ಯಾಹ್ನ ಒಂದು ಚಹಾ ಅಂಗಡಿಯ ಗೋಡೆ ಗಾಳಿಗೆ ಮರೆಯಾಗಿ ಸಿಕ್ಕಿತು. ಕುಬಾನ್ ಚಹಾ ತರಲು ಒಳಗೆ ಹೋದ. ಬೆರ್ಮೆಟ್ ಅಕ್ಕನ ಪಕ್ಕ ಕೂತು ಎಣ್ಣೆಯಲ್ಲಿ ಕರಿದ ಬೋರ್ಸೋಕ್ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡಳು.

“ಅಕ್ಕಾ, ನಮ್ಮ ಏಳನೆಯವರ ಹೆಸರೇನೇ? ಆರು ಹೇಳ್ದೆ, ಏಳನೇದು ಬೆಳಗ್ಗೆಯಿಂದ ನೆನಪೇ ಆಗ್ತಿಲ್ಲ. ಅಪ್ಪಂಗೆ ಫೋನ್ ಮಾಡಿ ಕೇಳಿದ್ರೆ ಅಲ್ಲಿಂದಾನೇ ಹೊಡೀತಾರೆ.”

ಹೆಸರು ಚೋಲ್ಪನ್‌ಳ ನಾಲಿಗೆಯ ತುದಿಯಲ್ಲಿತ್ತು. ಐದನೇ ವಯಸ್ಸಿಗೇ ತಾತ ಅವಳಿಗೆ ಬಾಯಿಪಾಠ ಮಾಡಿಸಿದ್ದರು. ಹೇಳಿದರೆ ಏನಾಗುತ್ತದೆ? ಇವಳು ಓಡಿಹೋಗಿ ಅವನಿಗೆ ಒಪ್ಪಿಸುತ್ತಾಳೆ. ಚಳಿಗಾಲಕ್ಕೆ ಮುಂಚೆ ಮದುವೆ. ನಾನು ಹೊಸ ಅಂಗಿ ತೊಟ್ಟು ಊಟ ಬಡಿಸಬೇಕು...

“ನಂಗೂ ಗೊತ್ತಿಲ್ಲ,” ಎಂದಳು.

“ನಿಂಗಾ? ತಾತನ ಮುದ್ದಿನ ಮೊಮ್ಮಗಳು ನೀನು!”

“ಮರೆತುಹೋಗಿದೆ ಅಂದ್ನಲ್ಲ. ಎಷ್ಟ್ ಸಲ ಹೇಳ್ಲಿ?”

ಚಹಾಕ್ಕೂ ಕಾಯದೆ ಅವಳು ಸೈಕಲ್ ಏರಿದಳು.

ಒಬ್ಬಳೇ. ಮರೆಯಿಲ್ಲ, ಮಾತಿಲ್ಲ. ಉಲಾನ್ ಗಾಳಿ ಅವಳ ಭುಜ ಹಿಡಿದು ಹಿಂದಕ್ಕೆ ನೂಕುತ್ತಿತ್ತು. ಇಳಿಜಾರಿನಲ್ಲೂ ತುಳಿಯಬೇಕಾಗಿತ್ತು. ಒಂದು ಲಾರಿ ಹಾದುಹೋದ ರಭಸಕ್ಕೆ ರಸ್ತೆಯಂಚಿನ ಜಲ್ಲಿಗೆ ಜಾರಿ, ಹೇಗೋ ಸಾವರಿಸಿಕೊಂಡಳು. ಕಣ್ಣೀರು ಕೆನ್ನೆಗೆ ಇಳಿಯುವುದನ್ನು ಬಿಟ್ಟು ಕಿವಿಯ ಕಡೆಗೆ ಓಡಿತು. ಅದಕ್ಕೂ ಗಾಳಿಯನ್ನೇ ಬೈದಳು.

ಹನ್ನೆರಡು ಕಿಲೋಮೀಟರ್ ಆಗುವಷ್ಟರಲ್ಲಿ ಪೆಡಲ್ ತಿರುಗಿಸಲೂ ಆಗದಾಯಿತು. ಜಿಂಕೆಯ ಚಿತ್ರವಿದ್ದ ಹಳೆಯ ಕಾಂಕ್ರೀಟ್ ಬಸ್ ನಿಲ್ದಾಣ ಕಂಡಿದ್ದೇ ಸೈಕಲ್ ಒರಗಿಸಿ ಒಳಗೆ ಕುಸಿದಳು.

ಹತ್ತು ನಿಮಿಷಕ್ಕೆ ಉಳಿದಿಬ್ಬರೂ ಬಂದರು. ಕುಬಾನ್‌ನ ಮುಖವೆಲ್ಲ ಧೂಳು, ಕಣ್ಣು ಕೆಂಪು.

“ತಲೆ ಸರಿಯಿದ್ಯಾ ನಿಂಗೆ? ಇಂಥಾ ಗಾಳೀಲಿ ಒಬ್ಳೇ ಹೊರಟೆಯಲ್ಲ, ಲಾರಿ ಕೆಳಗೆ ಬಿದ್ದಿದ್ರೆ?”

“ಬಿದ್ರೆ ನಿಂಗೇನು? ನಿನ್ನ ಹಿಂದಿನ ಜಾಗ ಖಾಲಿ ಇಲ್ವಲ್ಲ.” ಚೋಲ್ಪನ್ ಮುಖ ತಿರುಗಿಸಿದಳು. “ಏಳು ತಲೆ ಎಣಿಸಿ ಮುಗೀತಾ? ಮದುವೆ ಊಟ ಯಾವಾಗ?”

ಕುಬಾನ್ ತಲೆ ತಗ್ಗಿಸಿದ. “ಆರಕ್ಕೇ ನಿಂತಿದೆ. ನಿಂಗೂ ಗೊತ್ತಿಲ್ಲ ಅಂದ್ಯಂತೆ. ಇನ್ಯಾರನ್ನ ಕೇಳ್ಲಿ ಚೋಲ್ಪನ್? ನಾಳೆ ನೀನು ಬಿಷ್ಕೆಕ್‌ಗೆ ವಾಪಸ್ ಹೊರಟುಹೋಗ್ತೀಯ.”

“ನಾನು ಹೋದ್ರೆ ನಿಮ್ಮಿಬ್ಬರಿಗೆ ಒಳ್ಳೇದೇ ಅಲ್ವಾ?”

ಬೆರ್ಮೆಟ್ ಹಣೆ ಚಚ್ಚಿಕೊಂಡಳು. “ಅಕ್ಕಾ, ನಿನ್ನ ತಾತ ಯಾರು?”

“ಸಾದೀರ್ ತಾತ. ಅದೇನ್ ಕೇಳ್ತೀಯ?”

“ನನ್ನ ತಾತ?”

“ಅದೇ ಸಾ...”

ಇಬ್ಬರಿಗೂ ತಾತ ಒಬ್ಬರೇ. ಅವರ ಅಪ್ಪ, ಅವರ ಅಪ್ಪ, ಮೇಲಿನವರೆಲ್ಲ ಒಬ್ಬರೇ. ಹೊಟ್ಟೆಕಿಚ್ಚು ಇಷ್ಟು ಸಣ್ಣ ಲೆಕ್ಕವನ್ನೂ ನುಂಗಿಹಾಕಿತ್ತು.

“ನಿಂಗೂ ನಂಗೂ ಒಂದೇ ಕುಲ,” ಕುಬಾನ್ ಮೆಲ್ಲಗೆ ಹೇಳಿದ. “ಎಲ್ಲಾದ್ರೂ ಇಬ್ಬರಿಗೂ ಒಂದೇ ಹೆಸರು ಬಂದ್ರೆ ಅನ್ನೋ ಭಯ. ನಿನ್ನನ್ನೇ ಕೇಳಿದ್ರೆ ಮದುವೆ ಮಾತು ಆಡಿದ ಹಾಗೇ. ಆಡಿ, ಆಮೇಲೆ ಆಗಲ್ಲ ಅಂತ ಬಂದ್ರೆ ನಿನ್ನ ಮುಖ ಹೇಗೆ ನೋಡ್ಲಿ? ಅದಕ್ಕೇ ಬೆಳಗ್ಗೆಯಿಂದ ಇವಳಿಗೆ ಜರದಾಳು ತಿನ್ನಿಸಿ ತಿನ್ನಿಸಿ ಕೇಳ್ತಿದೀನಿ.”

“ಮತ್ತೆ ಇವಳು ಅಣ್ಣ ಅನ್ನೋದು ಬಿಟ್ಟಿದ್ದು?”

“ಭಾವ ಆಗೋನ್ನ ಅಣ್ಣ ಅನ್ನೋಕಾಗುತ್ತೇನೇ?” ಎಂದಳು ಬೆರ್ಮೆಟ್. “ನಾನು ಹೊರಗೆ ಸೈಕಲ್ ಕಾಯ್ತೀನಿ. ಬೇಗ ಮುಗಿಸಿ, ಚಳಿ.”

ಗೋಡೆಯಾಚೆ ಗಾಳಿ ಮೊರೆಯುತ್ತಿತ್ತು. ಚೋಲ್ಪನ್ ತನ್ನ ಕೈಗವಸನ್ನೇ ನೋಡುತ್ತಾ ಕೂತಳು.

“ನಾನು ಸುಳ್ಳು ಹೇಳ್ದೆ, ಕುಬಾನ್. ಹೆಸರು ನಂಗೆ ಗೊತ್ತಿತ್ತು.”

“ಯಾಕೆ ಹೇಳ್ಲಿಲ್ಲ?”

“ಅವಳಿಗೆ ನೀನು ಸಿಗಬಾರದು ಅಂತ. ಯಾರಿಗೂ ಸಿಗಬಾರದು ಅಂತ...”

ಅವನು ಅವಳ ಮುಂದೆ ಮೊಣಕಾಲೂರಿ ಕೂತ. ಮುಖದ ಮೇಲಿನ ಧೂಳನ್ನೂ ಒರೆಸಿಕೊಳ್ಳಲಿಲ್ಲ.

“ಈಗ ಹೇಳ್ತೀಯಾ?”

ಹೇಳಲು ಈಗ ಅವಳಿಗೇ ಭಯ. ಒಂದು ಹೆಸರು. ಅದು ಅವನ ಮನೆಯ ಹೆಸರೂ ಆಗಿದ್ದರೆ ಇಲ್ಲಿಗೇ ಎಲ್ಲ ಮುಗಿಯಿತು. ಆರು ಹೆಸರನ್ನು ಸರಸರನೆ ಹೇಳಿದವಳು ಏಳನೆಯದಕ್ಕೆ ಕಣ್ಣು ಮುಚ್ಚಿಕೊಂಡಳು.

“ತುಮಾನ್.”

ಅವಳು ಕಣ್ಣು ತೆರೆದಾಗ ಅವನು ಎರಡೂ ಅಂಗೈಯಿಂದ ಮುಖ ಮುಚ್ಚಿಕೊಂಡಿದ್ದ.

“ಹೇಳೋ... ನಿಮ್ಮವರು?”

“ಸಾತಿಕೆ,” ಎಂದ ಅವನು, ಕೈ ಕೆಳಗಿಳಿಸಿ. “ನಮ್ಮ ಏಳನೆಯವರು ಸಾತಿಕೆ. ಚೋಲ್ಪನ್, ನಮ್ಮ ಮನೆಗೆ ಬರ್ತೀಯಾ?”

“ಬರ್ತೀನಿ. ಆದ್ರೆ ಮೊದಲು ನನ್ನ ಜಾಗ ನಂಗೆ ಬೇಕು.”

ಮೂವರೂ ಮತ್ತೆ ರಸ್ತೆಗಿಳಿದರು. ಬಾಲಿಕ್ಚಿಗೆ ಇನ್ನೂ ಇಪ್ಪತ್ತೆಂಟು ಕಿಲೋಮೀಟರ್, ಗಾಳಿ ಒಂದು ಚೂರೂ ತಗ್ಗಿರಲಿಲ್ಲ. ಕುಬಾನ್ ಮುಂದೆ, ಅವನ ಹಿಂಚಕ್ರಕ್ಕೆ ಒಂದು ಮೊಳ ಹಿಂದೆ ಚೋಲ್ಪನ್, ಕೊನೆಯಲ್ಲಿ ಉಳಿದ ಜರದಾಳುವಿನ ಪೊಟ್ಟಣದೊಂದಿಗೆ ಬೆರ್ಮೆಟ್.

ಸ್ವಲ್ಪ ದೂರ ಹೋದ ಮೇಲೆ ಅವನು ತಿರುಗದೆಯೇ ಕೇಳಿದ.

“ನಿಮ್ಮ ಎಂಟನೆಯವರು ಯಾರು?”

“ಗೊತ್ತು. ಹೇಳಲ್ಲ.”

“ಯಾಕೆ?”

“ನಿಮ್ಮ ಎಂಟನೆಯವರೂ ಅವರೇ ಆಗಿದ್ರೆ?”

“ಆಗಿರ್ಲಿ ಬಿಡು. ಏಳರವರೆಗೆ ಮಾತ್ರ ಕೇಳೋದು,” ಎಂದ ಕುಬಾನ್. “ಹತ್ರ ಬಾ. ನಿಂಗೆ ಗಾಳಿ ತಾಗ್ತಿದೆ.”